ಕೈಗಾದ ಪ್ರಶ್ನೆ ಇಟ್ಟುಕೊಂಡು ಸ್ಟ್ಯಾನ್‌ಫರ್ಡ್ ತತ್ತ್ವಕೋಶ ಓದುವುದು

ನೀತಿ, ರಾಜಕೀಯ, ಮನಸ್ಸು ಕುರಿತ ಇಂದಿನ ತಾತ್ತ್ವಿಕ ಚರ್ಚೆಗಳಿಗೆ ಕಾರವಾರದಲ್ಲಿ, ಶಿರಸಿಯಲ್ಲಿ ಕೂತು ಇಳಿಯಬೇಕೆಂದರೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಎಂಬ ಆನ್‌ಲೈನ್ ತತ್ತ್ವಕೋಶಕ್ಕಿಂತ ಒಳ್ಳೆಯ ಉಚಿತ ಸೇವೆ ಇಲ್ಲ. 1995ರಲ್ಲಿ ಎಡ್ವರ್ಡ್ ಝಾಲ್ಟಾ ಶುರುಮಾಡಿದ್ದು. ಲೇಖನ ಬರೆಯುವವರೂ ತಜ್ಞರು, ಪರಿಶೀಲಿಸುವವರೂ ತಜ್ಞರು. ಪುಟಗಳಲ್ಲಿ ಬಹುಮಟ್ಟಿಗೆ ಅಕ್ಷರಗಳಷ್ಟೇ ಇರುವುದರಿಂದ ಜೊಯಿಡಾ, ಸಿದ್ದಾಪುರದ ಒಳಹಳ್ಳಿಗಳ ದುರ್ಬಲ ನೆಟ್‌ವರ್ಕ್‌ಗೂ ಭಾರವಲ್ಲ. ಮಳೆಗಾಲದಲ್ಲಿ ಪುಟವನ್ನು ಮೊದಲೇ ಸೇವ್ ಮಾಡಿಟ್ಟುಕೊಳ್ಳಿ.

ಹೊಸಬರು ಎಡವುವುದು ದೊಡ್ಡ ಶೀರ್ಷಿಕೆಗಳಲ್ಲಿ. 'ಕಾನ್ಶಿಯಸ್‌ನೆಸ್' (ಪ್ರಜ್ಞೆ) ಲೇಖನದಲ್ಲಿ ಸಿದ್ಧಾಂತಗಳು ಒಂದರ ಹಿಂದೊಂದು ಬರುತ್ತವೆ. ಯಾವುದು ಯಾವ ಪ್ರಶ್ನೆಗೆ ಉತ್ತರ ಎಂಬ ಎಳೆ ಕೈತಪ್ಪುತ್ತದೆ. ಬದಲಿಗೆ ಒಂದೇ ವಾದದ ಲೇಖನ ಹಿಡಿಯಿರಿ. ಚಿಹ್ನೆಗಳನ್ನು ನಿಯಮದಂತೆ ಜೋಡಿಸಿ ಉತ್ತರ ಕೊಟ್ಟ ಮಾತ್ರಕ್ಕೆ ಭಾಷೆ ಅರ್ಥವಾದಂತಲ್ಲ ಎಂದು ತತ್ತ್ವಜ್ಞ ಜಾನ್ ಸರ್ಲ್ 1980ರಲ್ಲಿ ಮುಂದಿಟ್ಟ 'ಚೈನೀಸ್ ರೂಮ್' ವಾದದ ಲೇಖನ ಒಳ್ಳೆಯ ಬಾಗಿಲು: ಯಂತ್ರ ಮಾತಾಡಿದರೆ ಅದಕ್ಕೆ ಅರ್ಥವೂ ಆಗುತ್ತದೆಯೇ ಎಂಬುದು ಈಗ ಎಲ್ಲರ ಪ್ರಶ್ನೆ. ಪೀಠಿಕೆ, ಪರಿವಿಡಿ ನೋಡಿ. ಬೇಕಾದ ಭಾಗ ಮಾತ್ರ ಓದಿ.

ನಮ್ಮ ಜಿಲ್ಲೆಯವರು ತಪ್ಪದೆ ಓದಬೇಕಾದದ್ದು 'ದಿ ನಾನ್‌ಐಡೆಂಟಿಟಿ ಪ್ರಾಬ್ಲಮ್'. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಉರಿದ ಅಣು ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 24,000 ವರ್ಷ. ಮುಂದೆ ಹುಟ್ಟುವವರಿಗೆ ಇದರಿಂದ ಅನ್ಯಾಯವೇ? ತತ್ತ್ವಜ್ಞ ಡೆರೆಕ್ ಪಾರ್ಫಿಟ್ ತೋರಿಸಿದ ತೊಡಕು ಇಲ್ಲೇ ಎದುರಾಗುತ್ತದೆ. ದೊಡ್ಡ ಯೋಜನೆ ಬಂದರೆ ಜನ ಊರು ಬದಲಿಸುತ್ತಾರೆ, ಬೇರೆ ಕಡೆ ಸಂಬಂಧ ಕೂಡುತ್ತದೆ, ಮಕ್ಕಳಾಗುವ ಹೊತ್ತೂ ಬೇರೆಯಾಗುತ್ತದೆ. ಕೆಲವು ತಲೆಮಾರು ಕಳೆದರೆ ಹುಟ್ಟಿರುವವರೇ ಬೇರೆ ಜನ. ಆ ಯೋಜನೆ ಇಲ್ಲದಿದ್ದರೆ ಅವರು ಹುಟ್ಟುತ್ತಲೇ ಇರಲಿಲ್ಲ. ಅವರ ಬದುಕು ಬಾಳಲು ಯೋಗ್ಯವಾಗಿಯೇ ಇದ್ದರೆ, ಅದರಿಂದ ಅವರಿಗೆ ಹಾನಿಯಾಯಿತೆಂದು ಹೇಳುವುದು ಹೇಗೆ?

ಒಂದು ಮಟ್ಟಕ್ಕಿಂತ ಕೆಳಗೆ ಬದುಕುವಂತೆ ಮಾಡಿದರೆ ಅದೇ ಹಾನಿ, ಬೇರೆ ಸ್ಥಿತಿಯೊಡನೆ ಹೋಲಿಸಬೇಕಿಲ್ಲ ಎನ್ನುವವರಿದ್ದಾರೆ. ನನಗೆ ಗಟ್ಟಿಯಾಗಿ ಕಾಣುವುದು ಇದೇ. ಯಾರಿಗೆ ಎಂಬುದನ್ನು ಬಿಟ್ಟು ಒಟ್ಟು ಒಳಿತನ್ನಷ್ಟೇ ಎಣಿಸುವ ದಾರಿಯೂ ಇದೆ. ಆದರೆ ಅದು ಚೆನ್ನಾಗಿ ಬಾಳುವ ಕೆಲವರ ಲೋಕಕ್ಕಿಂತ, ಬದುಕು ಬಾಳಲು ಯೋಗ್ಯವೆನ್ನಲು ಸಾಕಷ್ಟೇ ಆಗಿರುವ ಅಪಾರ ಜನರ ಲೋಕವೇ ಮೇಲೆಂಬಲ್ಲಿಗೆ ಒಯ್ಯುತ್ತದೆ. 'ದಿ ರಿಪಗ್ನಂಟ್ ಕನ್‌ಕ್ಲೂಷನ್' ಲೇಖನ ಜೊತೆಗಿಟ್ಟು ಓದಿ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟವರ ವಿಷಯಕ್ಕೆ ಈ ತೊಡಕು ಬರುವುದಿಲ್ಲ, ಅವರು ಆಗಲೇ ಇದ್ದವರು. ಅದಕ್ಕೆ 'ಡಿಸ್ಟ್ರಿಬ್ಯೂಟಿವ್ ಜಸ್ಟಿಸ್' (ಹಂಚಿಕೆಯ ನ್ಯಾಯ) ತೆರೆದು, ತೀರ ಹಿಂದುಳಿದವರಿಗೆ ಒಳಿತಾಗುವ ಹಂಚಿಕೆ ಬೇಕೆಂಬ ರಾಲ್ಸ್ (1971) ಮತ್ತು ಆಸ್ತಿಯ ಹಕ್ಕೇ ಮೊದಲೆಂಬ ನೋಝಿಕ್ (1974) ನಡುವಿನ ಜಗಳ ನೋಡಬೇಕು.

ಕೊರತೆಗಳಿವೆ. ಕನ್ನಡದಲ್ಲಿಲ್ಲ, ಇಂಗ್ಲಿಷೂ ಬಿಗಿ. ಒಬ್ಬಿಬ್ಬರೇ ಬರೆದ ಲೇಖನದಲ್ಲಿ ಅವರ ಒಲವು ನುಸುಳುತ್ತದೆ, ಹಾಗಾಗಿ ಕೊನೆಯ ಸಂಬಂಧಿತ ಲೇಖನಗಳ ಪಟ್ಟಿಯಿಂದ ಇನ್ನೊಂದನ್ನಾದರೂ ಓದಿ. ಚಂದದ ಪಿಡಿಎಫ್ ಬೇಕಾದರೆ ವಾರ್ಷಿಕ ಸದಸ್ಯತ್ವಕ್ಕೆ ಹಣ ಕೊಡಬೇಕು. ಓದಲಿಕ್ಕೆ ಅದರ ಅಗತ್ಯವಿಲ್ಲ. ಸೆಮಿನಾರ್ ಬರೆಯುವ ವಿದ್ಯಾರ್ಥಿಗಳು ಮೇಲ್ಭಾಗದಲ್ಲಿರುವ ಪರಿಷ್ಕರಣೆಯ ದಿನಾಂಕ ನೋಡಲಿ. ಪಠ್ಯ ಬದಲಾಗುತ್ತಿರುತ್ತದೆ, ಉಲ್ಲೇಖಕ್ಕೆ ಮೂರು ತಿಂಗಳಿಗೊಮ್ಮೆ ಸಂಗ್ರಹಿಸಿಡುವ ಸ್ಥಿರ ಆವೃತ್ತಿಯನ್ನೇ ಕೊಡಿ.