ಚಾರ್ಜರ್‌ನ ಕೆಂಪು ದೀಪ ಆರಿತು ಅಂತ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟು ಕಳಿಸಬೇಡಿ

ಮನೇಲಿ ಎಲೆಕ್ಟ್ರಿಕ್ ಕಾರ್ ಚಾರ್ಜ್ ಮಾಡೋಕೆ 16 ಆಂಪ್ ಪಾಯಿಂಟ್ ಹಾಕಿಸೋರು ಮೊದಲು ಇದನ್ನ ಓದಿ. ಹಾಕಿಸಿ ಆಗಿದ್ರೆ ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿಸಿ ನೋಡಿ. ಇವತ್ತೇ.

ನಮ್ಮ ಕಾರ್ ಜೊತೆ ಬಂದ ಪೋರ್ಟಬಲ್ ಚಾರ್ಜರನ್ನ ಹೊಸ ಪಾಯಿಂಟ್‌ಗೆ ಹಾಕಿದ ಕೂಡಲೇ ಕೆಂಪು ದೀಪ. ಅರ್ಥ್, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕೆ ಒಯ್ಯೋ ವೈರ್, ಇಲ್ಲ ಅಂತ ಅದು ಹೇಳ್ತಿತ್ತು. ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿದ, ಏನೋ ಮಾಡಿದ, ಐದೇ ನಿಮಿಷ, ಹಸಿರು ದೀಪ. "ಅರ್ಥಿಂಗ್ ಕೊಟ್ಟಿದೀನಿ ಸಾರ್." ಬೋರ್ಡ್‌ನಿಂದ ವೈರೇ ಎಳೀದೆ ಐದು ನಿಮಿಷದಲ್ಲಿ ಅರ್ಥ್ ಎಲ್ಲಿಂದ ಬಂತಪ್ಪಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಟೆಸ್ಟ್ ಲ್ಯಾಂಪ್ ಬೇರೆ ಉರಿಸಿ ತೋರಿಸಿದ. ತಲೆಯಾಡಿಸಿ ದುಡ್ಡು ಕೊಟ್ಟಿದ್ದಾಯ್ತು.

ಬಣ್ಣ ಬಯಲಾಗಿದ್ದು ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದಾಗ. ಬಿಚ್ಚಿದ್ರೆ ಒಳಗೆ ಬೆರಳುದ್ದದ ಹಸಿರು ವೈರ್ ತುಂಡು. ಒಂದು ತುದಿ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ವೈರ್), ಇನ್ನೊಂದು ಅರ್ಥ್ ಪಿನ್‌ಗೆ. ಪೈಪಿನಲ್ಲಿ ಬಂದಿದ್ದೇ ಎರಡು ವೈರ್. ಆ ಬೆರಳುದ್ದದ ತುಂಡೇ ಅವನ ಅರ್ಥಿಂಗ್!

ಇದು ನ್ಯೂಟ್ರಲನ್ನೇ ಅರ್ಥ್ ಅಂತ ತೋರಿಸಿ ಚಾರ್ಜರ್‌ಗೆ ಮಾಡಿದ ಮೋಸ. ಮಲ್ಟಿಮೀಟರ್‌ಗೂ ಮೋಸ: ಫೇಸ್ (ಕರೆಂಟ್ ಬರೋ ವೈರ್) ಮತ್ತು ಅರ್ಥ್ ನಡುವೆ 230 ವೋಲ್ಟ್ ಸರಿಯಾಗೇ ತೋರಿಸುತ್ತೆ, ಲ್ಯಾಂಪೂ ಉರಿಯುತ್ತೆ. ನಾಳೆ ಬೋರ್ಡ್‌ನಲ್ಲಿ ನ್ಯೂಟ್ರಲ್ ಕಿತ್ತು ಬಂತು ಅನ್ನಿ. ಮನೆಯ ಫ್ರಿಜ್ಜು, ಬಲ್ಬುಗಳ ಮೂಲಕ ನ್ಯೂಟ್ರಲ್‌ಗೆ ಕರೆಂಟ್ ಏರುತ್ತೆ, ಆ ತುಂಡಿನ ಮೂಲಕ ನೇರ ಕಾರಿನ ಲೋಹದ ಮೈಗೆ. ಯಾರಾದ್ರೂ ಫೇಸ್-ನ್ಯೂಟ್ರಲ್ ಅದಲುಬದಲು ಮಾಡಿದ್ರೂ ಅದೇ ಗತಿ. ಕಾರ್ ಟೈರ್ ಮೇಲೆ ನಿಂತಿರೋದ್ರಿಂದ ಏನೂ ಗೊತ್ತಾಗಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರಿಗೆ ಗೊತ್ತಾಗುತ್ತೆ.

ಫೋನ್ ಮಾಡಿದ್ರೆ ಏನಂದ ಗೊತ್ತಾ? "ಎಲ್ಲರ ಮನೇಲೂ ಹೀಗೇ ಸಾರ್. ಕಾರ್ ಚಾರ್ಜ್ ಆಗ್ತಿದೆ ತಾನೇ?" ಸಾಕೆಟ್ ಸುಟ್ಟಿದ್ದಕ್ಕೆ? "ಎಂಸಿಬಿ ಇದೆಯಲ್ಲ ಸಾರ್, ಏನೂ ಆಗಲ್ಲ."

ಎಂಸಿಬಿಗೆ ಸಾಕೆಟ್ ಬಿಸಿ ಕಾಣಲ್ಲ ಕಣ್ರೀ! ಅದು ತಾನೇ ಆಫ್ ಆಗೋ ಸ್ವಿಚ್, ನೋಡೋದು ಕರೆಂಟ್ ಮಿತಿ ಮೀರಿತಾ ಅಂತ ಮಾತ್ರ. ಚಾರ್ಜರ್ ಎಳೆಯೋದು 14 ಆಂಪ್, ಮಿತಿಯೊಳಗೇ ಇದೆ. ಆದ್ರೆ ಗೀಸರ್ ಥರ ಅರ್ಧ ಗಂಟೆ ಅಲ್ಲ, ಎಂಟು ಗಂಟೆ ಒಂದೇ ಸಮ. ಸ್ಕ್ರೂ ಸಡಿಲವಾಗಿ ಅಲ್ಲಿ 0.1 ಓಮ್ ತಡೆ ಸೇರಿಕೊಂಡ್ರೆ ಸುಮಾರು 20 ವ್ಯಾಟ್ ಶಾಖ, ಅದೂ ಒಂದು ಸ್ಕ್ರೂ ಬುಡದಲ್ಲಿ. ಸಣ್ಣ ಸೋಲ್ಡರಿಂಗ್ ಐರನ್ ಇರೋದೇ 25 ವ್ಯಾಟ್.

ಹಾಕಿಸೋದಾದ್ರೆ ಬೋರ್ಡ್‌ನಿಂದ ಸಾಕೆಟ್‌ವರೆಗೆ ಮಧ್ಯೆ ಜಾಯಿಂಟ್ ಇಲ್ಲದೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಮೂರು: ಫೇಸ್, ನ್ಯೂಟ್ರಲ್, ಅರ್ಥ್. ಮೂರು! ಎಣಿಸಿ. ಈ ಪಾಯಿಂಟ್‌ಗೇ ಬೇರೆ ಎಂಸಿಬಿ, ಜೊತೆಗೆ 30 ಮಿಲಿಆಂಪ್‌ನ ಟೈಪ್ ಎ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್. ಎಸಿ ಸೋರಿಕೆ ಮಾತ್ರ ಹಿಡಿಯೋ ಟೈಪ್ ಎಸಿ ತಂದು "ಎಲ್ಲಾ ಒಂದೇ ಸಾರ್" ಅಂದ್ರೆ ವಾಪಸ್ ಕಳಿಸಿ. ಸಾಕೆಟ್ ಮುಚ್ಚೋ ಮುಂಚೆ ಫೋಟೋ ತೆಗೀರಿ. ಹಳೇ ಪಾಯಿಂಟ್ ಆದ್ರೆ, ಫೇಸ್-ನ್ಯೂಟ್ರಲ್ ಎರಡನ್ನೂ ಕಡಿಯೋ ಡಬಲ್ ಪೋಲ್ ಮೇನ್ ಆಫ್ ಮಾಡಿಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರನ್ನ ಬೀಪ್ ಮೋಡ್‌ನಲ್ಲಿ ಇಟ್ಟು ನೋಡಿಸಿ. ಬೀಪ್ ಬಂದ್ರೆ ಎಲ್ಲೋ ಎರಡೂ ಸೇರಿಕೊಂಡಿವೆ, ಚಾರ್ಜಿಂಗ್ ನಿಲ್ಲಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಬಂದ ಕೊನೇ ಉತ್ತರ: "ಬೇಕಾದ್ರೆ ಬಂದು ಆ ವೈರ್ ತೆಗೆದುಕೊಡ್ತೀನಿ. ಆಮೇಲೆ ಕೆಂಪು ದೀಪ ಬಂತು ಅಂತ ನನಗೆ ಫೋನ್ ಮಾಡಬಾರದು ಅಷ್ಟೇ."