ತಾಜ್ ಮಹಲ್ ಗೇಟಿನಿಂದಲೇ ವಾಪಸ್ ಕಳಿಸಿದ ಪ್ಯಾಕೇಜ್ ಟೂರ್: ಹುಷಾರಾಗಿರಿ

ರಜೆಗೆ ದೆಹಲಿ, ಆಗ್ರಾ, ಶಿಮ್ಲಾ, ಮನಾಲಿ ಪ್ಯಾಕೇಜ್ ನೋಡುತ್ತಿರುವವರು ದಯವಿಟ್ಟು ಇದನ್ನು ಓದಿ. ಏಜೆನ್ಸಿ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಬೆಂಗಳೂರಿನದೇ ಆಫೀಸು. ಮಾತೆಲ್ಲ ಕನ್ನಡದಲ್ಲೇ. ‘ಅಕ್ಕ, ನಮ್ಮ ಮನೆಯವರನ್ನ ನೋಡ್ಕೊಂಡ ಹಾಗೆ ನೋಡ್ಕೋತೀವಿ’ ಅಂತ ಬೇರೆ.

ಅವರು ಕೊಟ್ಟ ಪಟ್ಟಿಯಲ್ಲಿ ಗುರುವಾರ ತಾಜ್ ಮಹಲ್, ಸೋಮವಾರ ಮನಾಲಿ ಮೇಲಿನ ಹಿಮದ ಘಾಟಿ ರೋಹ್ತಾಂಗ್ ಇತ್ತು. ಅದನ್ನು ನೋಡಿಯೇ ಪೂರ್ತಿ ದುಡ್ಡು ಕಟ್ಟಿದ್ದು. ದೆಹಲಿಯಲ್ಲಿ ಇಳಿದ ಮೇಲೆ ವಾಟ್ಸಾಪ್ ಬಂತು. ‘ಆಗ್ರಾ ಹೋಟೆಲ್ ಫುಲ್ ಅಕ್ಕ, ದೆಹಲಿಯಲ್ಲೇ ಒಂದು ರಾತ್ರಿ ಜಾಸ್ತಿ ಇರಿ. ಮಿಕ್ಕಿದ್ದು ಒಂದೊಂದು ದಿನ ಮುಂದಕ್ಕೆ, ಬೇರೇನೂ ಬದಲಾಗಲ್ಲ.’

ಬೇರೇನೂ ಬದಲಾಗಲ್ಲವಂತೆ! ತಾಜ್ ಶುಕ್ರವಾರಕ್ಕೆ ಬಂತು. ಶುಕ್ರವಾರ ಅಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದೇ ಇಲ್ಲ. ರೋಹ್ತಾಂಗ್ ಮಂಗಳವಾರಕ್ಕೆ ಬಂತು. ಮಂಗಳವಾರ ರಸ್ತೆ ಕೆಲಸಕ್ಕೆಂದು ಪ್ರವಾಸಿ ಗಾಡಿಗಳಿಗೆ ಬಂದ್. ದಿನಾ ಇದೇ ವ್ಯಾಪಾರ ಮಾಡುವವರಿಗೆ ಇದು ಗೊತ್ತಿರಲಿಲ್ವಾ?

ಆಗ್ರಾದ ಬಿಸಿಲು ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು. ಮಾವನವರು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ರೆಡಿಯಾಗಿದ್ದರು. ಫೋಟೋ ಚೆನ್ನಾಗಿ ಬರಬೇಕಲ್ಲ. ಗೇಟಿನ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದು ‘ಇವತ್ತು ಬಂದ್’ ಅಂದ. ಡ್ರೈವರ್ ಕಡೆ ತಿರುಗಿದರೆ, ‘ಕಂಪನಿ ಹೇಳಿದ ಜಾಗಕ್ಕೆ ಬಿಡೋದಷ್ಟೇ ನನ್ನ ಕೆಲಸ’ ಅಂದ. ಮಾವನವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಪರವಾಗಿರಲಿಲ್ಲ. ಅವರನ್ನು ಊರಿಂದ ಹೊರಡಿಸಿಕೊಂಡು ಬಂದವಳು ನಾನು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾಚಿಕೆಯಿಂದ ಸತ್ತೇಹೋದೆ.

ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ. ‘ಶುಕ್ರವಾರ ರಜಾ ಅನ್ನೋದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಮೇಡಂ?’ ಹಾಗಾದರೆ ನಿನಗೆ? ನಿನಗೂ ಗೊತ್ತಿತ್ತಲ್ಲ? ‘ಮೆಹ್ತಾಬ್ ಬಾಗ್‌ಗೆ ಹೋಗಿ ಮೇಡಂ, ಯಮುನೆ ಆಚೆಯಿಂದ ತಾಜ್ ಇನ್ನೂ ಚೆನ್ನಾಗಿ ಕಾಣುತ್ತೆ, ರಶ್ಶೂ ಇರಲ್ಲ.’ ಹೋದೆವು, ಇನ್ನೇನು ಮಾಡೋದು. ನದಿಯ ಆಚೆ ದಡದಲ್ಲಿ ತಾಜ್ ಮಹಲ್, ಈಚೆ ದಡದಲ್ಲಿ ನಾವು.

ಶಿಮ್ಲಾದ ‘ಮಾಲ್ ರೋಡ್ ಪಕ್ಕದ ಹೋಟೆಲ್’ ಕೆಳಗೆ ಕಾರ್ಟ್ ರೋಡ್ ಕಡೆಗಿತ್ತು. ಮಾಲ್ ರೋಡಿಗೆ ಗಾಡಿ ಬಿಡಲ್ಲ, ಮಂಡಿ ನೋವಿನ ಅತ್ತೆ ಮೇಲೆ ಮಾಲ್ ರೋಡಿಗೆ ಹೋಗುವ ಲಿಫ್ಟ್ ಕ್ಯೂನಲ್ಲಿ ನಿಂತರು. ಅದು ಹೋಗಲಿ ಬಿಡಿ.

ಮನಾಲಿಯಲ್ಲಿ ಮತ್ತೆ ಅದೇ ಕಥೆ. ರೋಹ್ತಾಂಗ್‌ಗೆ ಪರ್ಮಿಟ್ ಬೇಕು, ದಿನಕ್ಕೆ ಇಷ್ಟೇ ಗಾಡಿ ಅಂತ ಲೆಕ್ಕ ಇದೆ. ಈ ಏಜೆಂಟ್ ಯಾವ ದಿನಕ್ಕೂ ಪರ್ಮಿಟ್ ಮಾಡಿಸಿಯೇ ಇರಲಿಲ್ಲ! ಅಟಲ್ ಸುರಂಗ ದಾಟಿ ಸಿಸ್ಸು ಅನ್ನುವ ಊರಿಗೆ ಕರೆದುಕೊಂಡು ಹೋದರು, ಅದಕ್ಕೂ ಬೇರೆ ದುಡ್ಡು. ಕೇಳಿದರೆ, ‘ಟನಲ್ ರೋಹ್ತಾಂಗ್ ಕೆಳಗೇ ಹೋಗೋದು ಮೇಡಂ, ಅಲ್ಲಿಗೆ ಹೋದ ಹಾಗೇ ಆಯ್ತಲ್ಲ.’ 9 ಕಿಲೋಮೀಟರ್ ಕತ್ತಲೆ ತೋರಿಸಿ ಹಿಮ ತೋರಿಸಿದೆ ಅನ್ನುತ್ತಾನೆ!

ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಎಂಟ್ರಿ ಟಿಕೆಟ್ ಪ್ಯಾಕೇಜ್‌ನಲ್ಲಿ ಇರಲೇ ಇಲ್ಲ, ಏನು ವಾಪಸ್ ಕೊಡೋದು?’ ಸ್ವಾಮಿ, ನಾನು ಕೇಳಿದ್ದು ತಾಜ್‌ನ ಟಿಕೆಟ್ ದುಡ್ಡಲ್ಲ. ಅಷ್ಟು ದೂರ ಹೋಗಿ ಬಂದ ಖರ್ಚು.

ನೀವು ಬುಕ್ ಮಾಡುವುದಾದರೆ ಪಟ್ಟಿಯಲ್ಲಿ ತಾರೀಖಿನ ಜೊತೆ ವಾರವನ್ನೂ ಬರೆಸಿ. ಪರ್ಮಿಟ್ ಯಾರು ಮಾಡಿಸುತ್ತಾರೆ ಅನ್ನುವುದನ್ನೂ ಬರೆಸಿ, ಬಾಯಿಮಾತು ಬೇಡವೇ ಬೇಡ. ಪೂರ್ತಿ ದುಡ್ಡು ಮೊದಲೇ ಕೇಳುವವರ ಹತ್ತಿರ ಹೋಗಲೇಬೇಡಿ. ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗೆ ಅಲ್ಲಿ ಶುಲ್ಕವೂ ಇಲ್ಲ.

ಮೊನ್ನೆ ಅವನದೇ ಮೆಸೇಜ್ ಬಂದಿತ್ತು. ಫೈವ್ ಸ್ಟಾರ್ ರಿವ್ಯೂ ಹಾಕಿದರೆ ಮುಂದಿನ ಟೂರ್‌ಗೆ ಡಿಸ್ಕೌಂಟ್ ಕೊಡುತ್ತಾನಂತೆ. ಅದನ್ನೂ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಸೇರಿಸಿದ್ದೇನೆ.