ಮೋಟಾರ್ ಯಾಟ್ ಡೆಲಿವರಿ ಸೇವೆ: ಕಾಯುವ ದಿನಕ್ಕೂ ದರ ಬರೆಸಿಕೊಳ್ಳಿ

ಯಾಟ್ ಕೊಂಡದ್ದು ಒಂದು ಬಂದರಿನಲ್ಲಿ, ಕಟ್ಟಿಹಾಕಬೇಕಾದದ್ದು ಇನ್ನೊಂದರಲ್ಲಿ. ನಡುವೆ ಐನೂರು ನಾಟಿಕಲ್ ಮೈಲಿ ಸಮುದ್ರ. ದುಡ್ಡು ತೆಗೆದುಕೊಂಡು ದೋಣಿಯನ್ನು ಆ ದಡ ಮುಟ್ಟಿಸುವ ಡೆಲಿವರಿ ಸ್ಕಿಪ್ಪರ್‌ಗಳಿದ್ದಾರೆ, ಅವರನ್ನು ಒದಗಿಸುವ ಸಂಸ್ಥೆಗಳೂ ಇವೆ. ಯಾವುದೇ ಒಂದು ಸಂಸ್ಥೆಯ ಹೆಸರು ಹಿಡಿಯದೆ ಈ ಸೇವೆಯನ್ನೇ ಇಲ್ಲಿ ತೂಗಿ ನೋಡಿದ್ದೇವೆ. 12ರಿಂದ 20 ಮೀಟರ್ ಉದ್ದದ, ಎರಡು ಡೀಸೆಲ್ ಎಂಜಿನ್‌ಗಳ ಯಾಟನ್ನು ಅದರದೇ ಎಂಜಿನ್ ಬಲದಲ್ಲಿ ಓಡಿಸಿ ತಲುಪಿಸುವ ಕೆಲಸಕ್ಕೆ ಈ ಮಾತು ಅನ್ವಯಿಸುತ್ತದೆ.

ಮೊದಲ ಫೋನಿನಲ್ಲೇ ಮೊತ್ತ ಹೇಳಿಬಿಡುವವರನ್ನು ಅಲ್ಲಿಗೇ ಕೈಬಿಡಿ. ಟ್ಯಾಂಕ್ ಎಷ್ಟು ಲೀಟರಿನದು, 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲಿ) ವೇಗದಲ್ಲಿ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ತಿಂಗಳಿಂದ ಓಡದೆ ನಿಂತಿದೆ, ಲೈಫ್‌ರಾಫ್ಟ್ (ಗಾಳಿ ತುಂಬುವ ಪ್ರಾಣರಕ್ಷಕ ತೆಪ್ಪ) ಸರ್ವಿಸ್ ಆದದ್ದು ಯಾವಾಗ, ವಿಮೆ ಯಾವ ನೀರಿನ ತನಕ ನಡೆಯುತ್ತದೆ ಎಂದು ಕೇಳದೆ ಕೊಟ್ಟ ಕೊಟೇಶನ್ ಬರೀ ಮೈಲಿ ಲೆಕ್ಕದ್ದು. ನಿಮ್ಮ ದೋಣಿ ಅದರಲ್ಲಿ ಎಲ್ಲೂ ಇಲ್ಲ.

ಈ ಪ್ರಶ್ನೆಗಳಲ್ಲಿ ಡೀಸೆಲ್ಲಿನದೇ ದೊಡ್ಡದು. ಒಂದು ಉದಾಹರಣೆ ಹಿಡಿಯೋಣ. ಟ್ಯಾಂಕ್ 2,600 ಲೀಟರ್. ತಳದಲ್ಲಿ ಪೈಪಿಗೆ ಸಿಗದೆ ಉಳಿಯುವುದನ್ನು ಕಳೆದು ಶೇ. 90 ಎಂದಿಟ್ಟರೆ ಬಳಕೆಗೆ ಸಿಗುವುದು 2,340. ವೇಗ 9 ನಾಟ್ ಇದ್ದಾಗ ಎರಡೂ ಎಂಜಿನ್ ಸೇರಿ ಗಂಟೆಗೆ 30 ಲೀಟರ್, ಜನರೇಟರ್‌ಗೆ 4. ಐನೂರು ಮೈಲಿಗೆ ಐವತ್ತೈದೂವರೆ ಗಂಟೆ, ಸುಮಾರು 1,890 ಲೀಟರ್. ಮಿಕ್ಕಿದ್ದು 450, ಅಂದರೆ ಶೇ. 19. ಎದುರುಗಾಳಿಯೂ ಎದುರು ಪ್ರವಾಹವೂ ಒಟ್ಟಿಗೆ ಸಿಕ್ಕರೆ ಇದು ಸಾಲದು, ಶೇ. 25 ಕೈಯಲ್ಲಿರಬೇಕು. ಅದೇ ದೋಣಿಯನ್ನು 8 ನಾಟ್‌ಗೆ ಇಳಿಸಿ, ಗಂಟೆಗೆ 22 ಲೀಟರ್ ಆಗುತ್ತದೆ. ಅರವತ್ತೆರಡೂವರೆ ಗಂಟೆ ಬೇಕು, ಆದರೆ ಜನರೇಟರ್ ಸೇರಿ ಖರ್ಚು 1,625ಕ್ಕೆ ನಿಲ್ಲುತ್ತದೆ, ಶೇ. 30 ಮಿಗುತ್ತದೆ. ಏಳು ಗಂಟೆ ತಡವಾದರೇನು, ನಿಶ್ಚಿಂತೆ.

ನೀರನ್ನು ಸೀಳಿಕೊಂಡು ಸಾಗುವ ವೇಗದಲ್ಲಿ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ, ಅದಕ್ಕೇ ಒಂದು ನಾಟ್‌ಗೆ ಇಷ್ಟು ಬೆಲೆ. ಆ ವೇಗದ ಮಿತಿ ತಿಳಿಯಲು ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ಅಳೆದು, ವರ್ಗಮೂಲ ತೆಗೆದು, 1.34ರಿಂದ ಗುಣಿಸಬೇಕು. 49 ಅಡಿಗೆ 9.4 ನಾಟ್. ಅದನ್ನು ದಾಟಿ ದೋಣಿಯನ್ನು ನೀರಿನ ಮೇಲೆಬ್ಬಿಸಿ 22 ನಾಟ್‌ನಲ್ಲಿ ಗಂಟೆಗೆ 180 ಲೀಟರ್ ಸುಡುತ್ತ ಹೋದರೆ ಇದೇ ದಾರಿಗೆ ನಾಲ್ಕು ಸಾವಿರ ಲೀಟರ್ ಬೇಕು. ಡೆಕ್ ಮೇಲೆ ಹೆಚ್ಚುವರಿ ಚೀಲದಲ್ಲಿ ಡೀಸೆಲ್ ಕಟ್ಟಿಕೊಂಡು ಹೋಗುತ್ತೇವೆ ಎನ್ನುವವರೂ ಇದ್ದಾರೆ. ಸಾವಿರ ಲೀಟರ್ ಅಂದರೆ ಸುಮಾರು 840 ಕಿಲೋ, ಅದೂ ಅಷ್ಟು ಎತ್ತರದಲ್ಲಿ. ಮಗ್ಗುಲಿನ ಅಲೆಗೆ ವಾಲಿದ ದೋಣಿ ಮತ್ತೆ ನೆಟ್ಟಗಾಗಲು ತಡವರಿಸುತ್ತದೆ. ನಡುವೆ ಒಂದು ಬಂದರಿಗೆ ಹೊಕ್ಕು ತುಂಬಿಸಿಕೊಳ್ಳುವುದೇ ಮೇಲು.

ನಿಧಾನ ಓಟಕ್ಕೂ ಒಂದು ಕೊರತೆಯಿದೆ. ಹಗುರ ಹೊರೆಯಲ್ಲಿ ದಿನಗಟ್ಟಲೆ ಓಡಿದ ಟರ್ಬೊ ಡೀಸೆಲ್ ಒಳಗೆ ಮಸಿ ಕಟ್ಟುತ್ತದೆ. ಆರೆಂಟು ಗಂಟೆಗೊಮ್ಮೆ ಕಾಲು ಗಂಟೆ ವೇಗ ಏರಿಸಿ ಮೈ ಬಿಸಿ ಮಾಡಿಸಬೇಕು. ಬಲ್ಲ ಸ್ಕಿಪ್ಪರ್ ಈ ಡೀಸೆಲ್ಲನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಲೆಕ್ಕ ಸರಿಯಿದ್ದರೂ ಡೀಸೆಲ್ ಕೊಳಕಾಗಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಎಳೆದು ಪಾರದರ್ಶಕ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಮೇಲೆ ತಿಳಿಯಾದ ಡೀಸೆಲ್, ತಳದಲ್ಲಿ ನೀರು, ಎರಡೂ ಕೂಡುವ ಗೆರೆಯಲ್ಲಿ ಕಪ್ಪು ಲೋಳೆಯ ಎಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿವೆ ಎಂದು ತಿಳಿಯಿರಿ. ಮರೀನಾದಲ್ಲಿ ಕಟ್ಟಿದ್ದಷ್ಟು ದಿನ ಈ ಲೋಳೆ ತಳದಲ್ಲೇ ಮಲಗಿರುತ್ತದೆ. ಹೊರಗಿನ ಅಲೆಗೆ ಸಿಕ್ಕ ಕೂಡಲೇ ಕದಡಿ ಫಿಲ್ಟರಿಗೆ ಬರುತ್ತದೆ. ಎರಡು ಎಂಜಿನ್ ಇವೆ ಎಂಬ ಧೈರ್ಯವೂ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎರಡೂ ಕುಡಿಯುವುದು ಅದೇ ಡೀಸೆಲ್ಲನ್ನು. ಹಾಗೆ ನಿಂತರೆ ಅಳಿವೆಯ ಬಾಯಲ್ಲೇ ನಿಲ್ಲುತ್ತವೆ, ಅಲೆ ಹೆಚ್ಚು ಕುಲುಕುವುದು ಅಲ್ಲೇ ತಾನೆ.

ಬಾಟಲಿಯಲ್ಲಿ ಲೋಳೆ ಕಂಡರೆ ಟ್ಯಾಂಕ್ ಬಿಚ್ಚಿ ತೊಳೆಸಿ, ಡೀಸೆಲ್ ಸೋಸಿ, ಆಮೇಲೆ ಹೊರಡುವ ಮಾತು. ಸೂಕ್ಷ್ಮಜೀವಿನಾಶಕ ಮಾತ್ರ ಸುರಿದರೆ ಸತ್ತ ಲೋಳೆ ಮತ್ತೆ ಫಿಲ್ಟರಿಗೇ ಬರುತ್ತದೆ. ತಿಳಿಯಾಗಿದ್ದರೂ ಒಂದೊಂದು ಎಂಜಿನ್ನಿಗೆ ಆರು ಮೊದಲ ಹಂತದ ಫಿಲ್ಟರ್ ಜೊತೆಗಿರಲಿ. ರೇಕಾರ್ ಕಂಪನಿಯ ಫಿಲ್ಟರ್ ಬಳಸುವವರು ಬಣ್ಣ ನೋಡಿ ಕೊಳ್ಳಿ: ಕೆಂಪು 30 ಮೈಕ್ರಾನ್, ನೀಲಿ 10, ಕಂದು 2. ಮೊದಲ ಹಂತಕ್ಕೇ 2 ಮೈಕ್ರಾನ್ ಹಾಕಿದರೆ ಬೇಗ ಕಟ್ಟಿಕೊಳ್ಳುತ್ತದೆ. ಸಣ್ಣ ಕಸ ಹಿಡಿಯಲು ಎಂಜಿನ್ ಮೇಲಿನ ಫಿಲ್ಟರ್ ಇದ್ದೇ ಇದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಹೊಸ ಫಿಲ್ಟರಿನಲ್ಲಿ, ಓಟದ ವೇಗದಲ್ಲಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದಿಡಬೇಕು. ಅಲ್ಲಿಂದ ಅದು ಮೇಲೇರತೊಡಗಿದಾಗ ಬದಲಿಸಲು ಇನ್ನೂ ಸಮಯವಿರುತ್ತದೆ, ಎಂಜಿನ್ ಕೆಮ್ಮತೊಡಗಿದ ಮೇಲೆ ಇರುವುದಿಲ್ಲ.

ಎಂಜಿನ್ ತಂಪಾಗಿಸಲು ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಗಳ ಚಕ್ರ) ಎಂಜಿನ್ನಿಗೆ ಎರಡು, ಜನರೇಟರಿಗೆ ಒಂದು, ಗ್ಯಾಸ್ಕೆಟ್ ಸಮೇತ ಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಒಡೆದ ಇಂಪೆಲ್ಲರ್ ತೆಗೆದು ಹೊಸದು ಹಾಕಿದ ಮೇಲೂ ಎಂಜಿನ್ ಬಿಸಿಯೇರುತ್ತದೆ. ಮುರಿದ ರೆಕ್ಕೆಗಳು ಮುಂದೆ ಸಾಗಿ ಹೀಟ್ ಎಕ್ಸ್‌ಚೇಂಜರಿನ (ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಭಾಗ) ಬಾಯಿಗೆ ಅಡ್ಡ ಕೂತಿರುತ್ತವೆ. ತೆಗೆದದ್ದರಲ್ಲಿ ಎಷ್ಟು ರೆಕ್ಕೆ ಕಡಿಮೆ ಎಂದು ಎಣಿಸಿ, ಅಷ್ಟೂ ಚೂರು ಕೈಗೆ ಸಿಗುವ ತನಕ ಕೊಳವೆ ಬಿಚ್ಚಬೇಕು.

ಹೊರಡುವ ಮುಂಚೆ ಕನಿಷ್ಠ ಎರಡು ಗಂಟೆ ಸೀ ಟ್ರಯಲ್ (ಸಮುದ್ರದಲ್ಲಿ ಪರೀಕ್ಷೆಯ ಓಟ) ಇರಲಿ. ಅದನ್ನು ಕೇಳದ ಸ್ಕಿಪ್ಪರ್‌ಗೆ ನಮ್ಮ ಅಂಕ ಸೊನ್ನೆ. ಯಾನಕ್ಕೆ ಗೊತ್ತುಮಾಡಿದ ವೇಗದಲ್ಲಿ ಓಡಿಸಿ, ಕೊನೆಗೆ ಕಾಲು ಗಂಟೆ ಪೂರ್ಣ ಹೊರೆಯ ಹತ್ತಿರ ಒಯ್ದು, ಎಂಜಿನ್ ಕೋಣೆಗಿಳಿದು ಶಾಫ್ಟ್ ಸೀಲ್ (ಪ್ರೊಪೆಲ್ಲರ್ ದಂಡದ ಸುತ್ತ ನೀರು ನುಗ್ಗದಂತೆ ತಡೆಯುವ ಭಾಗ) ಬಿಸಿಯಾಗಿದೆಯೇ, ಸ್ಟೀರಿಂಗ್ ಎಣ್ಣೆ ಜಿನುಗುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಬಿಲ್ಜ್ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ಪಂಪ್ ಸ್ವಿಚ್ ಒತ್ತಿ ಸದ್ದು ಕೇಳಿದರೆ ಸಾಲದು. ನೀರೇರಿದಾಗ ಪಂಪನ್ನು ಚಾಲೂ ಮಾಡುವ ತೇಲುಬುರುಡೆಯನ್ನು ಕೈಯಲ್ಲೆತ್ತಿ, ನೀರು ಹೊರಗೆ ಬೀಳುವುದನ್ನು ಕಣ್ಣಾರೆ ಕಾಣಬೇಕು. ಒಂದೊಂದು ಸೀಕಾಕ್‌ಗೂ (ದೋಣಿಯ ಮೈಯಲ್ಲಿ ನೀರು ಹಾಯುವ ತೂತಿನ ಕವಾಟ) ಅದರ ಅಳತೆಯ ಮೊನಚು ಮರದ ಬಿರಡೆ ಪಕ್ಕದಲ್ಲೇ ಕಟ್ಟಿರಲಿ.

ಸುರಕ್ಷತಾ ಸಾಮಗ್ರಿಯಲ್ಲಿ ಹೊಸದಾಗಿ ಕೊಂಡ ದೋಣಿಗೆ ಅಂಟಿಕೊಂಡ ಒಂದು ದೋಷವನ್ನು ಹೇಳಲೇಬೇಕು. 406 ಮೆಗಾಹರ್ಟ್ಸ್ ಇಪರ್ಬ್ (ಅಪಾಯದಲ್ಲಿ ಉಪಗ್ರಹದ ಮೂಲಕ ಮೊರೆಯಿಡುವ ಸಾಧನ) ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ. ಸಾಧನ ಕೂಗಿದರೆ ರಕ್ಷಣಾ ಕೇಂದ್ರ ಫೋನ್ ಮಾಡುವುದು ಆ ನಂಬರಿಗೆ. ‘ದೋಣಿ ಮಾರಿಯಾಯಿತಲ್ಲ’ ಎಂಬ ಉತ್ತರದಲ್ಲೇ ಹೊತ್ತು ಹೋಗುತ್ತದೆ. ವಿಎಚ್‌ಎಫ್ ರೇಡಿಯೊದ ಒಂಬತ್ತು ಅಂಕಿಯ ಎಂಎಂಎಸ್‌ಐ ಗುರುತು ಸಂಖ್ಯೆಯದೂ ಇದೇ ಕತೆ. ಧ್ವಜ, ಅಂದರೆ ನೋಂದಣಿಯ ದೇಶ, ಬದಲಾದರೆ ಅದನ್ನೂ ಬದಲಿಸಬೇಕು. ಲೈಫ್‌ರಾಫ್ಟ್ ಐಎಸ್‌ಒ 9650-1 ದರ್ಜೆಯದಾಗಿದ್ದು, ಸರ್ವಿಸ್ ದಿನಾಂಕ ಯಾನ ಮುಗಿಯುವ ತನಕ ಜಾರಿಯಲ್ಲಿರಬೇಕು.

ಸಿಬ್ಬಂದಿ ಮೂವರು. ಮೂರು ಗಂಟೆ ಪಾಳಿ, ಆರು ಗಂಟೆ ನಿದ್ದೆ. ಅರವತ್ತು ಗಂಟೆಯ ಓಟವನ್ನು ಇಬ್ಬರೇ ಮುಗಿಸುತ್ತೇವೆ ಎಂಬ ಅಗ್ಗದ ಕೊಟೇಶನ್ನಿನಲ್ಲಿ ಅಗ್ಗವಾಗಿರುವುದು ನಿದ್ದೆ. ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದು ಸದಾ ಸರಿಯಾದ ಕಾವಲು ಕಣ್ಣು ಇರಬೇಕೆನ್ನುತ್ತದೆ, ಆಟೊಪೈಲಟ್‌ಗೆ ಕಣ್ಣಿಲ್ಲ. ಸ್ಕಿಪ್ಪರ್‌ನ ಯಾಟ್‌ಮಾಸ್ಟರ್ ಆಫ್‌ಶೋರ್ ಎಂಬ ಬ್ರಿಟಿಷ್ ಅರ್ಹತಾ ಪತ್ರಕ್ಕೆ ವಾಣಿಜ್ಯ ಮುದ್ರೆ (ದುಡ್ಡಿಗೆ ದುಡಿಯಲು ಬೇಕಾದ ಒಪ್ಪಿಗೆ) ಇದ್ದರೆ ಸುರಕ್ಷಿತ ಆಶ್ರಯದಿಂದ 150 ಮೈಲಿ ತನಕ ಸರಿ; ಅದಕ್ಕೂ ಆಚೆಗೆ ಓಷನ್ ದರ್ಜೆ ಕೇಳಿ.

ಇನ್ನು ಹವಾಮಾನ. ಒಳ್ಳೆಯ ಸೇವೆಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಇಲ್ಲಿ, ಅದೂ ಒಪ್ಪಂದದ ಕಾಗದದಲ್ಲಿ, ಎದ್ದು ಕಾಣುತ್ತದೆ. ಇಡೀ ಯಾನಕ್ಕೆ ಒಂದೇ ಗುತ್ತಿಗೆ ಮೊತ್ತ ಎಂದಾದರೆ ಬಂದರಿನಲ್ಲಿ ಕಾದ ಪ್ರತಿ ದಿನವೂ ಸ್ಕಿಪ್ಪರ್‌ಗೆ ನಷ್ಟ. ಆಗ ಅನುಮಾನದ ಮುನ್ಸೂಚನೆಯೂ ಒಳ್ಳೆಯದಾಗಿಯೇ ಕಾಣತೊಡಗುತ್ತದೆ. ಬರೀ ದಿನಗೂಲಿ ಎಂದಾದರೆ ಮಾಲೀಕರೇ ದಿನಕ್ಕೆರಡು ಬಾರಿ ಫೋನ್ ಮಾಡಿ ‘ಹೊರಟಿರಾ’ ಎನ್ನುತ್ತಾರೆ. ನಡುದಾರಿಯೊಂದಿದೆ: ಓಟಕ್ಕೆ ಗುತ್ತಿಗೆ, ಕಾಯುವ ದಿನಕ್ಕೆ ಬೇರೆ ದರ, ಹೊರಡುವ ತೀರ್ಮಾನ ಸ್ಕಿಪ್ಪರ್ ಒಬ್ಬರದೇ. ಮೂರನ್ನೂ ಬರೆದು ಸಹಿ ಹಾಕಿರಬೇಕು.

ಮಿತಿಯೂ ಅಂಕಿಯಲ್ಲಿರಲಿ. ಬೋಫೋರ್ಟ್ ಎಂಬ ಗಾಳಿಯ ಅಳತೆಪಟ್ಟಿಯಲ್ಲಿ 4, ಅಂದರೆ 16 ನಾಟ್ ಗಾಳಿ ದಾಟಿದರೆ ಹೊರಡುವುದಿಲ್ಲ ಎಂಬುದು ಈ ಗಾತ್ರದ ದೋಣಿಗೆ ಒಪ್ಪುವ ಗೆರೆ. ಮುನ್ಸೂಚನೆಯ ‘2 ಮೀಟರ್ ಅಲೆ’ ಎಂದರೆ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ. ನಡುನಡುವೆ ನಾಲ್ಕು ಮೀಟರ್ ಹತ್ತಿರದ್ದೂ ಬರುತ್ತದೆ. ಎತ್ತರದ ಜೊತೆಗೆ ಅಲೆಯಿಂದ ಅಲೆಗೆ ಎಷ್ಟು ಸೆಕೆಂಡ್ ಎಂದೂ ನೋಡಿ. ಹತ್ತು ಸೆಕೆಂಡಿನ 2 ಮೀಟರ್ ತೊಟ್ಟಿಲು, ಐದು ಸೆಕೆಂಡಿನ 2 ಮೀಟರ್ ಒನಕೆ ಪೆಟ್ಟು. ಗಾಳಿ ಒಂದು ಕಡೆಯಿಂದ, ಇಳಿತದ ನೀರು ಎದುರು ಕಡೆಯಿಂದ ಬಂದಾಗ ಅಲೆ ಕಡಿದಾಗುತ್ತದೆ, ಹಾಗಾಗಿ ಅಳಿವೆ ಹೊಗುವ ಗಳಿಗೆಯನ್ನು ಉಬ್ಬರಕ್ಕೆ ಹೊಂದಿಸಿಯೇ ಹೊರಡುವ ಗಳಿಗೆ ಗೊತ್ತುಮಾಡಬೇಕು. ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯುಎಫ್ ಎರಡೂ ಹವಾಮಾನ ಮಾದರಿ ಒಂದೇ ಮಾತು ಹೇಳದಿದ್ದರೆ ಮತ್ತೆ ಹನ್ನೆರಡು ಗಂಟೆ ಕಾಯುವುದು ಲೇಸು. ಯಾನದ ಯೋಜನೆಯನ್ನು ಮೊದಲೇ ಮಾಡಬೇಕೆಂದು ಸಮುದ್ರದಲ್ಲಿ ಪ್ರಾಣರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಐದನೇ ಅಧ್ಯಾಯದ 34ನೇ ನಿಯಮವೂ ಹೇಳುತ್ತದೆ. ನಡುದಾರಿಯಲ್ಲಿ ಯಾವ ಯಾವ ಬಂದರಿಗೆ ಹೊಗಬಹುದು, ರಾತ್ರಿ ಹೊಗಲಾಗದ್ದು ಯಾವುದು ಎಂಬ ಹಾಳೆಯ ಒಂದು ಪ್ರತಿ ದಡದಲ್ಲಿರುವವರ ಕೈಗೂ ಬರಬೇಕು.

ವಿಮೆಯಲ್ಲಿ ಸ್ಕಿಪ್ಪರ್ ಹೆಸರನ್ನು ಕಂಪನಿ ಲಿಖಿತವಾಗಿ ಒಪ್ಪಿರಬೇಕು. ಡೆಲಿವರಿ ಸಂಸ್ಥೆ ತೋರಿಸುವ ಪಾಲಿಸಿ ಹೆಚ್ಚಾಗಿ ಅವರ ಹೊಣೆಗಾರಿಕೆಯದು, ನಿಮ್ಮ ದೋಣಿಯ ಮೈಗಲ್ಲ.

ದಾರಿ ಟ್ಯಾಂಕಿನ ಅಳವಿಗೆ ಮೀರಿದ್ದಾದರೆ ದೊಡ್ಡ ಹಡಗಿನ ಮೇಲೆ ಹೇರಿ ಕಳಿಸುವುದೇ ಸರಿ, ಎಂಜಿನ್ ಗಂಟೆಯೂ ಸವೆಯುವುದಿಲ್ಲ. ಆದರೆ ಹೇರುವ ದಿನಾಂಕ ವಾರಗಟ್ಟಲೆ ಜಾರಬಹುದು. ಕ್ರೇನ್ ಪಟ್ಟಿ ಎಲ್ಲಿ ಹಾಯಬೇಕೆಂದು ಮೈಮೇಲೆ ಗುರುತು ಹಾಕಿಸಿ. ಪಟ್ಟಿ ಶಾಫ್ಟ್ ಅಥವಾ ಹೊಯ್ದಾಟ ತಡೆಯುವ ಸ್ಟೆಬಿಲೈಸರ್ ಮೇಲೆ ಬಿದ್ದರೆ ಎತ್ತುವಾಗಲೇ ಬಾಗುತ್ತದೆ.

ದೋಣಿ ತಲುಪಿದ ದಿನ ಕೊನೆಯ ಕಂತು ಕೊಡುವ ಮೊದಲು ಲಾಗ್ ಪುಸ್ತಕ ಕೈಗೆ ತೆಗೆದುಕೊಳ್ಳಿ. ಗಂಟೆಗೊಮ್ಮೆ ಬರೆದ ತಾಪ, ಎಣ್ಣೆಯ ಒತ್ತಡ, ಬಿಲ್ಜ್ ನೋಡಿದ ಗುರುತು, ಬದಲಿಸಿದ ಫಿಲ್ಟರುಗಳ ಲೆಕ್ಕ ಅದರಲ್ಲಿರಬೇಕು. ಆರು ಫಿಲ್ಟರಿನಲ್ಲಿ ಐದು ಖರ್ಚಾಗಿವೆ ಎಂದಿದ್ದರೆ ಮುಂದಿನ ಓಟಕ್ಕೆ ಮೊದಲು ಆ ಬಾಟಲಿ ಪರೀಕ್ಷೆ ಮತ್ತೊಮ್ಮೆ ಮಾಡಿಸಿ.